ದಿಯೆಪ್ ಊರಲ್ಲಿ ಇಷ್ಟೊಂದು ಕೆನಡಾ ಬಾವುಟ ಯಾಕೆ? 1942ರ ಆ ಬೆಳಗ್ಗೆ ಊರವರ ಪಾಡು ಏನಾಗಿತ್ತು?

ರಾಗಿಮುದ್ದೆ_ಪ್ಯಾರಿಸ್:
ಎಲ್ಲರಿಗೂ ನಮಸ್ಕಾರ. ಕಳೆದ ವಾರ ರಜೆ ಸಿಕ್ಕಿತು ಅಂತ ದಿಯೆಪ್‌ಗೆ ಹೋಗಿದ್ದೆ. ಫ್ರಾನ್ಸಿನ ಉತ್ತರ ಕರಾವಳಿಯ ಊರು. ಪ್ಯಾರಿಸ್‌ನಿಂದ ರೂಆಂ ತನಕ ಹೋಗಿ ಅಲ್ಲಿ ರೈಲು ಬದಲಿಸಬೇಕು. ಮೀನು ತಿಂದು, ಗಾಳಿಗೆ ಮೈಯೊಡ್ಡಿ ಬರೋಣ ಅಂತ ಹೊರಟವನು ತಲೆಯಲ್ಲಿ ಹುಳ ಬಿಟ್ಟುಕೊಂಡು ಬಂದಿದ್ದೇನೆ.

ಕಡಲ ಎದುರಿಗೇ ಕೋಟೆ. ಕೋಟೆಯ ಬುಡದಲ್ಲಿ ಕೆನಡಾ ಹೆಸರಿನ ಒಂದು ಚೌಕ. ಎಲ್ಲಿ ನೋಡಿದರೂ ಮೇಪಲ್ ಎಲೆಯ ಬಾವುಟ. ಹಳೇ ನಾಟಕಮಂದಿರದೊಳಗೆ ಒಂದು ಸಣ್ಣ ಸ್ಮಾರಕ ಸಂಗ್ರಹಾಲಯ ಇದೆ, ಅದರ ಹೆಸರೇ ಒಂದು ತಾರೀಕು: 19 ಆಗಸ್ಟ್ 1942. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈಯಲ್ಲಿದ್ದ ಈ ಊರಿಗೆ ಅಂದು ಬೆಳಗ್ಗೆ ಸುಮಾರು 6,000 ಮಿತ್ರಪಡೆಯ ಸೈನಿಕರು ಬಂದಿಳಿದರು. ಅವರಲ್ಲಿ 5,000ದಷ್ಟು ಜನ ಕೆನಡಾದವರು. ಮಧ್ಯಾಹ್ನದೊಳಗೆ ಎಲ್ಲಾ ಮುಗಿದುಹೋಯಿತು. ಕೆನಡಾದವರೇ 900ಕ್ಕೂ ಜಾಸ್ತಿ ಸತ್ತರು, 1,900ಕ್ಕೂ ಜಾಸ್ತಿ ಸೆರೆಸಿಕ್ಕರು. ಊರು ಮತ್ತೆ ಎರಡು ವರ್ಷ ಜರ್ಮನರ ಕೈಯಲ್ಲೇ ಉಳಿಯಿತು.

ನನ್ನ ಪ್ರಶ್ನೆ ಇಷ್ಟೆ. ಬಂದವರು ಸೋತು ಹೋದರು. ಊರಿಗೆ ಸಿಕ್ಕಿದ್ದು ಗುಂಡು, ಹೊಗೆ, ಹೆಣ. ಹಾಗಿದ್ದೂ ಈ ಊರಿಗೆ ಕೆನಡಾ ಮೇಲೆ ಇಷ್ಟು ಪ್ರೀತಿ ಯಾಕೆ? ಸೈನಿಕರ ಕಥೆ ಎಲ್ಲಾ ಕಡೆ ಸಿಗುತ್ತೆ. ಕಿಟಕಿಯೊಳಗೆ ಕೂತವರ ಕಥೆ ಗೊತ್ತಿದ್ದವರು ಹೇಳಿ.

ಕುಡ್ಲ_ಬಂಗುಡೆ:
ಅದು ಡೀಪ್ಪೆ ಅಲ್ವಾ? ನಾವು ಕಾಲೇಜಲ್ಲಿ ಹಾಗೇ ಓದಿದ್ದು ಮಾರಾಯ್ರೆ.

ರಾಗಿಮುದ್ದೆ_ಪ್ಯಾರಿಸ್:
ಇಲ್ಲಿಯವರು ದಿಯೆಪ್ ಅಂತಾರೆ. ಆದರೆ ನಿಮ್ಮ ಡೀಪ್ ಪೂರ್ತಿ ತಪ್ಪೂ ಅಲ್ಲ. ಉತ್ತರದ ಕಡಲಿನವರ ಹಳೇ ನುಡಿಯಲ್ಲಿ ಆಳ ಅನ್ನೋ ಪದದಿಂದಲೇ ಈ ಹೆಸರು ಬಂದಿದ್ದು. ಹೊಳೆಯ ಬಾಯಿ ಅಲ್ಲಿ ಆಳವಾಗಿದೆ.

ನಿವೃತ್ತ_ಮೇಷ್ಟ್ರು:
ಒಳ್ಳೆ ಪ್ರಶ್ನೆ ತಮ್ಮಾ. ಮೊದಲು ಒಂದು ವಿಷಯ ತಿಳಿಕೋಬೇಕು. ಅದು ಊರು ಬಿಡಿಸೋಕೆ ಬಂದ ದಂಡೇ ಅಲ್ಲ. ಬಂದು, ಬಂದರು ಹಿಡಿದು, ಬೇಕಾದ್ದು ಒಡೆದು, ಅದೇ ದಿನ ವಾಪಸ್ ಹೋಗೋ ದಾಳಿ. ಜುಲೈನಲ್ಲೇ ಇದನ್ನು ಮಾಡಬೇಕಿತ್ತು. ಸೈನಿಕರು ಹಡಗು ಹತ್ತಿ ಕೂತಿದ್ದರು. ಹವೆ ಕೈಕೊಟ್ಟಿತು, ಜರ್ಮನ್ ವಿಮಾನ ಬಂದು ಎರಡು ಹಡಗಿಗೆ ಬಾಂಬ್ ಹಾಕಿತು, ಯೋಜನೆ ರದ್ದಾಯಿತು. ಆಮೇಲೆ ಅದನ್ನೇ ಹೆಸರು ಬದಲಿಸಿ ಮತ್ತೆ ಎಬ್ಬಿಸಿದರು. ಜುಬಿಲಿ ಅಂತ ಹೆಸರು. ಎಂಥಾ ಹೆಸರು ನೋಡಿ!

ಎಬ್ಬಿಸಿದವರು ಯಾರು ಅಂದರೆ ನಮಗೆಲ್ಲ ಗೊತ್ತಿರೋ ಆಸಾಮಿ. ಲಾರ್ಡ್ ಮೌಂಟ್‌ಬ್ಯಾಟನ್. ಐದು ವರ್ಷದ ಮೇಲೆ ದಿಲ್ಲಿಯಲ್ಲಿ ನಮ್ಮ ಸ್ವಾತಂತ್ರ್ಯಕ್ಕೆ ದಿನ ಗೊತ್ತುಮಾಡಿದವರು ಅವರೇ. ಆಗ ಜಂಟಿ ಕಾರ್ಯಾಚರಣೆಯ ಮುಖ್ಯಸ್ಥರಾಗಿದ್ದರು.

ತರ್ಕ_ತಿಮ್ಮ:
ಓಹೋ, ಅವರಾ! ಅವಸರ ಆಗಿನಿಂದಲೇ ಇತ್ತು ಅನ್ನಿ.

ಹ್ಯಾಮಿಲ್ಟನ್_ಕಷಾಯ:
ನಾನು ಕೆನಡಾದ ಹ್ಯಾಮಿಲ್ಟನ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೇನೆ. ಮೂಲ ಶಿರಸಿ. ಇಲ್ಲಿ ದಿಯೆಪ್ ಅಂದರೆ ಪರದೇಶದ ಊರಲ್ಲ, ಮನೆಮನೆಯ ಮಾತು. ರಾಯಲ್ ಹ್ಯಾಮಿಲ್ಟನ್ ಲೈಟ್ ಇನ್‌ಫೆಂಟ್ರಿ ಅನ್ನೋ ಈ ಊರಿನ ಪಡೆ ದಿಯೆಪ್‌ನ ಮುಖ್ಯ ದಂಡೆಯ ಮೇಲೆ ಇಳಿದಿತ್ತು. ಆ ಒಂದೇ ಬೆಳಗ್ಗೆ ಈ ಒಂದು ಊರಿನ ಪಡೆ ಇನ್ನೂರರ ಹತ್ತಿರ ಜನರನ್ನು ಕಳೆದುಕೊಂಡಿತು. ತಂತಿ ಸುದ್ದಿ ತರೋ ಹುಡುಗ ಒಂದೇ ಬೀದಿಗೆ ಎಷ್ಟು ಸಲ ಬಂದಿರಬೇಕು, ಯೋಚಿಸಿ.

ಸರೋವರದ ದಂಡೆಯಲ್ಲಿ ಒಂದು ದಿಯೆಪ್ ಸ್ಮಾರಕ ಇದೆ. ನಾವು ಸಂಜೆ ವಾಕಿಂಗ್ ಹೋಗೋ ದಾರಿ ಅದು. ಮೊದಲ ಎರಡು ವರ್ಷ ಅದೇನು ಅಂತ ಓದಿಯೇ ಇರಲಿಲ್ಲ, ನಾಚಿಕೆಯ ವಿಷಯ.

ಹೊನ್ನಾವರ_ದೋಣಿ:
ಒಂದು ಅನುಮಾನ. ಟ್ಯಾಂಕ್‌ಗಳು ದಂಡೆಯ ಮೇಲೇ ಸಿಕ್ಕಿಬಿದ್ದವು ಅಂತ ಎಲ್ಲೋ ಓದಿದ್ದೆ. ಟ್ಯಾಂಕ್ ಹೊಲದಲ್ಲಿ ಹೋಗುತ್ತೆ, ಕೆಸರಲ್ಲಿ ಹೋಗುತ್ತೆ. ಸಮುದ್ರ ದಂಡೆಯಲ್ಲಿ ಯಾಕೆ ಹೋಗಲ್ಲ?

ರಾಗಿಮುದ್ದೆ_ಪ್ಯಾರಿಸ್:
ನಾನು ಅದರ ಮೇಲೆ ನಡೆದು ಬಂದಿದ್ದೇನೆ, ಹೇಳ್ತೀನಿ ಕೇಳಿ. ಅದು ಮರಳಿನ ದಂಡೆ ಅಲ್ಲ. ನಿಮ್ಮ ಕಾಸರಕೋಡು, ಓಂ ಬೀಚ್ ಥರ ಅಂದುಕೊಳ್ಳಬೇಡಿ. ಪೂರ್ತಿ ಉರುಟು ಕಲ್ಲು. ಮುಷ್ಟಿ ಗಾತ್ರದ್ದು, ಕೆಲವು ತೆಂಗಿನಕಾಯಿ ಗಾತ್ರದ್ದು. ಎಲ್ಲಾ ಚಕಮಕಿ ಕಲ್ಲು. ಊರಿನ ಎರಡೂ ಕಡೆ ಸೀಮೆಸುಣ್ಣದ ಬೆಳ್ಳನೆ ಬಂಡೆ ಗೋಡೆ ಇದೆ. ಅದರೊಳಗೆ ಚಕಮಕಿ ಕಲ್ಲು ಹುದುಗಿರುತ್ತೆ. ಬಂಡೆ ಕುಸಿದಾಗ ಸುಣ್ಣ ಕರಗಿ ಹೋಗುತ್ತೆ, ಕಲ್ಲು ಉಳಿದು ಅಲೆಗೆ ಉರುಳಿ ಉರುಟಾಗುತ್ತೆ. ಒಂದು ಹೆಜ್ಜೆ ಇಟ್ಟರೆ ಅರ್ಧ ಹೆಜ್ಜೆ ಹಿಂದೆ ಜಾರುತ್ತೆ. ಶೂ ಹಾಕಿಕೊಂಡೇ ನನ್ನ ಕಾಲು ಎರಡು ಸಲ ಉಳುಕಿತು. ಬೆನ್ನ ಮೇಲೆ ಹೊರೆ, ಕೈಯಲ್ಲಿ ಬಂದೂಕು, ಎದುರಿಗೆ ಗುಂಡಿನ ಮಳೆ... ಬೇಡ ಬಿಡಿ.

ಮಾಜಿ_ಸಿಪಾಯಿ:
ಟ್ಯಾಂಕಿನ ಲೆಕ್ಕ ನಾನು ಹೇಳುತ್ತೇನೆ. ಚರ್ಚಿಲ್ ಮಾದರಿಯ 29 ಟ್ಯಾಂಕ್ ದೋಣಿಯಿಂದ ಇಳಿದವು. ಎರಡು ನೀರಲ್ಲೇ ಮುಳುಗಿದವು. ಕಲ್ಲು ಹೋಗಿ ಸರಪಳಿ ಪಟ್ಟಿಯೊಳಗೆ ಸಿಕ್ಕಿಕೊಂಡು ಪಟ್ಟಿಯೇ ಕಿತ್ತುಬಂತು ಕೆಲವದಕ್ಕೆ. ಆದರೆ 15 ಟ್ಯಾಂಕ್ ತಡೆಗೋಡೆ ದಾಟಿ ಮೇಲಿನ ರಸ್ತೆಗೆ ಬಂದಿದ್ದವು, ಅದನ್ನು ಯಾರೂ ಹೇಳುವುದಿಲ್ಲ. ಬಂದು ಏನು ಮಾಡುವುದು? ಊರಿನೊಳಗೆ ಹೋಗುವ ಪ್ರತಿ ಓಣಿಯ ಬಾಯಿಗೂ ಜರ್ಮನರು ಕಾಂಕ್ರೀಟ್ ಅಡ್ಡ ಹಾಕಿದ್ದರು. ಅದನ್ನು ಸಿಡಿಸಬೇಕಾದ ಎಂಜಿನಿಯರ್‌ಗಳಲ್ಲಿ ಬಹಳ ಜನ ದಂಡೆಯ ಮೇಲೇ ಸತ್ತೋ ಗಾಯಗೊಂಡೋ ಬಿದ್ದಿದ್ದರು. ಟ್ಯಾಂಕ್‌ಗಳು ಅಲ್ಲೇ ಅಡ್ಡಾಡಿ ಮತ್ತೆ ದಂಡೆಗೆ ಬಂದು, ಕಾಲಾಳುಗಳು ವಾಪಸ್ ಹೋಗುವ ತನಕ ಗುಂಡು ಹಾರಿಸುತ್ತಾ ನಿಂತವು. ಇಳಿದ ಒಂದು ಟ್ಯಾಂಕೂ ಇಂಗ್ಲೆಂಡಿಗೆ ಮರಳಲಿಲ್ಲ.

ಇನ್ನೊಂದು. ನಾನು ಸೇನೆಯ ಸಂದೇಶ ವಿಭಾಗವಾದ ಸಿಗ್ನಲ್ಸ್‌ನಲ್ಲಿದ್ದವನು, ಹಾಗಾಗಿ ಇದು ನನ್ನನ್ನು ಚುಚ್ಚುತ್ತದೆ. ಕೆನಡಾದ ಎಸೆಕ್ಸ್ ಸ್ಕಾಟಿಷ್ ಪಡೆಯ ಹತ್ತು ಹನ್ನೆರಡು ಜನ ಮಾತ್ರ ಊರಿನ ಮನೆಗಳೊಳಗೆ ನುಗ್ಗಿದ್ದರು. ಹಡಗಿಗೆ ಸುದ್ದಿ ತಲುಪುವಷ್ಟರಲ್ಲಿ ಅದು ಪಡೆಯೇ ಊರಿನೊಳಗೆ ಹೋಗಿದೆ ಅಂತ ಆಗಿತ್ತು. ಹೊಗೆಯಲ್ಲಿ ದಂಡೆ ಕಾಣುತ್ತಿರಲಿಲ್ಲ. ಹಡಗಿನಲ್ಲಿದ್ದ ಕೆನಡಾ ಪಡೆಗಳ ಮುಖ್ಯಸ್ಥ ಜನರಲ್ ರಾಬರ್ಟ್ಸ್ ಸುದ್ದಿ ನಂಬಿ ಮೀಸಲಿಟ್ಟಿದ್ದ ಪಡೆಯನ್ನೂ ಕಳಿಸಿದರು. ಅವರೂ ಹೋಗಿ ಅದೇ ಕಲ್ಲಿನ ಮೇಲೆ ಬಿದ್ದರು. ಅರ್ಧಂಬರ್ಧ ಸುದ್ದಿಗಿಂತ ಸುದ್ದಿಯೇ ಇಲ್ಲದಿರುವುದು ವಾಸಿ.

ಹ್ಯಾಮಿಲ್ಟನ್_ಕಷಾಯ:
ಸಿಪಾಯಿ ಸರ್, ಆ ಮೀಸಲು ಪಡೆ ಫ್ಯುಜಿಲಿಯೆ ಮೊಂ ರಾಯಲ್. ಕ್ವಿಬೆಕ್‌ನವರು. ಮನೆಯಲ್ಲಿ ಫ್ರೆಂಚ್ ಮಾತಾಡುವ ಹುಡುಗರು. ಅಂದರೆ ಊರವರ ಭಾಷೆಯನ್ನೇ ಆಡುತ್ತಾ ಬಂದಿಳಿದವರು.

ಅಡುಗೆಮನೆ_ಅಕ್ಕ:
ಅಯ್ಯೋ. ಕಿಟಕಿಯೊಳಗಿಂದ ಕೇಳಿಸಿಕೊಂಡವರಿಗೆ ಹೇಗಾಗಿರಬೇಡ. ಹೊರಗೆ ಬಿದ್ದವನು ನಮ್ಮ ಮಾತಲ್ಲೇ ಅಮ್ಮಾ ಅಂತ ಕೂಗಿದರೆ.

ನಿವೃತ್ತ_ಮೇಷ್ಟ್ರು:
ಅಕ್ಕಾವರೇ, ಇದಕ್ಕೆ ಇನ್ನೂ ಹಳೇ ಬೇರಿದೆ. ಕ್ವಿಬೆಕ್ ಅನ್ನೋ ನಾಡು ಕಟ್ಟೋಕೆ ಫ್ರಾನ್ಸಿನಿಂದ ಹೋದವರಲ್ಲಿ ದಿಯೆಪ್ ಇರೋ ನಾರ್ಮಂಡಿ ಪ್ರಾಂತ್ಯದವರು ಬಹಳ. 1639ರಲ್ಲಿ ದಿಯೆಪ್‌ನ ಅಗಸ್ಟೀನ್ ಸನ್ಯಾಸಿನಿಯರು ಕಡಲು ದಾಟಿ ಹೋಗಿ ಕ್ವಿಬೆಕ್‌ನಲ್ಲಿ ಆಸ್ಪತ್ರೆ ಕಟ್ಟಿದರು. ಮುನ್ನೂರು ವರ್ಷದ ಮೇಲೆ ಆ ನಾಡಿನ ಮೊಮ್ಮಕ್ಕಳು ಗಾಯಗೊಂಡು ಅದೇ ಊರಿನ ದಂಡೆಗೆ ಬಿದ್ದಾಗ ಉಪಚಾರ ಮಾಡಿದವರಲ್ಲಿ ಅದೇ ಪಂಥದ ಸನ್ಯಾಸಿನಿಯರಿದ್ದರು. ರೂಆಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಸಿಸ್ಟರ್ ಆನ್ಯೆಸ್ ಮಾರಿ ವಾಲ್ವಾ ಅನ್ನೋರನ್ನು ಕೆನಡಾದ ಹಳೇ ಸೈನಿಕರು ದೇವತೆ ಅಂತಲೇ ಕರೀತಿದ್ದರು. 2018ರಲ್ಲಿ ತೀರಿಕೊಂಡರು, ನೂರು ದಾಟಿತ್ತು ವಯಸ್ಸು.

ತರ್ಕ_ತಿಮ್ಮ:
ಎಲ್ಲಾ ಚೆನ್ನಾಗಿದೆ. ಈಗ ಕಹಿ ಮಾತು ಯಾರೂ ಆಡ್ತಿಲ್ಲ, ನಾನೇ ಆಡ್ತೀನಿ. ದಾಳಿ ಮುಗಿದ ಮೇಲೆ ಹಿಟ್ಲರ್ ಈ ಊರಿಗೆ ಬಹುಮಾನ ಕೊಟ್ಟ. ಒಂದು ಕೋಟಿ ಫ್ರಾಂಕ್ ದುಡ್ಡು. ಅದಲ್ಲದೆ 1940ರಲ್ಲಿ ಸೆರೆಸಿಕ್ಕಿ ಜರ್ಮನಿಯಲ್ಲಿದ್ದ ಈ ಊರಿನ, ಸುತ್ತಲಿನ ಸೈನಿಕರನ್ನು ಬಿಟ್ಟು ಮನೆಗೆ ಕಳಿಸಿದ. ಯಾಕೆ? ಊರವರು ಮಿತ್ರಪಡೆಗೆ ಸಹಾಯ ಮಾಡಲಿಲ್ಲ, ಸುಮ್ನೆ ಇದ್ದರು ಅಂತ. ಬಾವುಟ ಹಾರಿಸೋರು ಇದನ್ನೂ ಬೋರ್ಡ್ ಮೇಲೆ ಬರೀಲಿ.

ರಾಗಿಮುದ್ದೆ_ಪ್ಯಾರಿಸ್:
ಇದು ನಿಜಾನಾ? ನನಗೆ ಗೊತ್ತೇ ಇರಲಿಲ್ಲ.

ನಿವೃತ್ತ_ಮೇಷ್ಟ್ರು:
ನಿಜ. ಆದರೆ ತಿಮ್ಮಪ್ಪನವರು ಅರ್ಧ ಹೇಳಿದಾರೆ. ಆವತ್ತು ಬೆಳಗ್ಗೆ ಬಿಬಿಸಿಯ ಫ್ರೆಂಚ್ ಪ್ರಸಾರದಲ್ಲಿ ಏನು ಹೇಳಿದರು? ಇದು ಬರೀ ದಾಳಿ, ದೊಡ್ಡ ದಂಡಯಾತ್ರೆ ಅಲ್ಲ, ನೀವು ಯಾರೂ ಕೈಹಾಕಬೇಡಿ, ಹಾಕಿದರೆ ಆಮೇಲೆ ಜರ್ಮನರು ನಿಮ್ಮ ಮೇಲೆ ಸೇಡು ತೀರಿಸಿಕೊಳ್ತಾರೆ ಅಂತ. ಇದೇ ಮಾತಿನ ಕರಪತ್ರವನ್ನೂ ಉದುರಿಸಿದ್ದರು. ಮಿತ್ರಪಡೆ ಹೇಳಿದ್ದು ಸುಮ್ಮನಿರಿ ಅಂತ. ಊರವರು ಸುಮ್ಮನಿದ್ದರು. ಹಾಗೆ ಸುಮ್ಮನಿದ್ದದ್ದಕ್ಕೆ ಜರ್ಮನರು ಬಹುಮಾನ ಕೊಟ್ಟರು! ಇನ್ನೇನು ಮಾಡಬೇಕಿತ್ತು ಅವರು?

ತರ್ಕ_ತಿಮ್ಮ:
ಬಹುಮಾನ ಬೇಡ ಅನ್ನಬಹುದಿತ್ತು.

ಅಡುಗೆಮನೆ_ಅಕ್ಕ:
ಬಹುಮಾನ ಅಂದರೆ ಯಾರೋ ತಾಯಿಯ ಮಗ ತಿಮ್ಮಣ್ಣ. ಎರಡು ವರ್ಷ ಸೆರೆಯಲ್ಲಿದ್ದ ಮಗ ರೈಲಲ್ಲಿ ಬಂದಿಳಿದಾಗ ಬೇಡ, ಇವನನ್ನು ವಾಪಸ್ ಕರಕೊಂಡು ಹೋಗಿ ಅನ್ನಬೇಕಿತ್ತಾ? ನೀವಾಗಿದ್ದರೆ ಅಂತಿದ್ರಾ?

ತರ್ಕ_ತಿಮ್ಮ:
ದುಡ್ಡಿನ ಮಾತು ಆಡಿದೆ ಅಕ್ಕ. ಮಗನ ವಿಷಯದಲ್ಲಿ ಸೋತೆ, ಒಪ್ಪಿದೆ.

ಮಾಜಿ_ಸಿಪಾಯಿ:
ಅದು ಬಹುಮಾನವೂ ಅಲ್ಲ, ದಾನವೂ ಅಲ್ಲ. ಪ್ರಚಾರ. ನಮ್ಮ ಜೊತೆ ತೆಪ್ಪಗಿದ್ದರೆ ನಿಮ್ಮ ಮಕ್ಕಳು ಮನೆಗೆ ಬರುತ್ತಾರೆ ಅಂತ ಇಡೀ ಫ್ರಾನ್ಸಿಗೆ ತೋರಿಸಲು. ಹದಿನೆಂಟು ಲಕ್ಷದಷ್ಟು ಫ್ರೆಂಚ್ ಸೈನಿಕರನ್ನು ಹಿಡಿದಿಟ್ಟುಕೊಂಡವರಿಗೆ ಒಂದು ಊರಿನವರನ್ನು ಬಿಡುವುದು ಯಾವ ದೊಡ್ಡ ಮಾತು? ಆ ದಿನ ಊರವರೂ ಐವತ್ತರ ಹತ್ತಿರ ಜನ ಸತ್ತಿದ್ದಾರೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಪದಬಂಧ_ಪ್ರಿಯೆ:
ನಾನು ಸ್ವಲ್ಪ ದಾರಿ ತಪ್ಪಿಸ್ತೀನಿ, ಬೈಬೇಡಿ. ದಾಳಿಗೆ ಎರಡು ದಿನ ಮುಂಚೆ ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಯ ಪದಬಂಧದಲ್ಲಿ ಫ್ರೆಂಚ್ ಬಂದರು ಅಂತ ಒಂದು ಸುಳಿವು ಬಂದಿತ್ತು. ಉತ್ತರ ದಿಯೆಪ್! ಗುಟ್ಟು ಸೋರಿದೆಯೇನೋ ಅಂತ ಗುಪ್ತಚರರು ತನಿಖೆ ಮಾಡಿದರು. ಬರೀ ಕಾಕತಾಳೀಯ ಅಂತ ತೀರ್ಮಾನ ಆಯಿತು. ನಾನು ಇಪ್ಪತ್ತು ವರ್ಷದಿಂದ ಪದಬಂಧ ತುಂಬಿಸ್ತಿದ್ದೇನೆ, ಒಂದು ದಿನವೂ ನನ್ನ ಮನೆಗೆ ಗುಪ್ತಚರರು ಬಂದಿಲ್ಲ.

ಕುಡ್ಲ_ಬಂಗುಡೆ:
ಹಾಗಾದರೆ ಜರ್ಮನರಿಗೆ ಮೊದಲೇ ಗೊತ್ತಿತ್ತಾ?

ಮಾಜಿ_ಸಿಪಾಯಿ:
ಈ ಮಾತು ಎಲ್ಲರೂ ಕೇಳುತ್ತಾರೆ. ಇದೇ ದಾಳಿ ಅಂತ ಗೊತ್ತಿರಲಿಲ್ಲ. ಆದರೆ ಬೇಸಿಗೆ, ಉಬ್ಬರ ಅನುಕೂಲವಾಗಿರುವ ದಿನಗಳು, ಹಾಗಾಗಿ ಕರಾವಳಿಯ ಪಡೆಗಳು ಹೇಗೂ ಎಚ್ಚರದಲ್ಲಿದ್ದವು. ಕೆಟ್ಟದ್ದು ನಡೆದಿದ್ದು ಕಡಲಲ್ಲಿ. ಪೂರ್ವದ ಬೆರ್ನೆವಾಲ್‌ಗೆ ಹೊರಟಿದ್ದ ಬ್ರಿಟಿಷ್ 3ನೇ ಕಮಾಂಡೋ ಪಡೆಯ ದೋಣಿಗಳು ಬೆಳಗಿನ ಜಾವ ನಾಲ್ಕಕ್ಕೆ ಮುಂಚೆ ಒಂದು ಜರ್ಮನ್ ಹಡಗು ಸಾಲಿಗೆ ಎದುರಾದವು. ಕತ್ತಲಲ್ಲಿ ಗುಂಡಿನ ಕಾಳಗ. ಆ ಸದ್ದಿಗೆ ಆ ಕಡೆಯ ಕರಾವಳಿ ಎದ್ದು ಕೂತಿತು.

ಪಕ್ಕದ ಪ್ಯುಯಿ ದಂಡೆ ಇದಕ್ಕೆ ಬೆಲೆ ತೆತ್ತಿತು. ಅಲ್ಲಿಗೆ ಹೋಗಬೇಕಿದ್ದ ಕೆನಡಾದ ರಾಯಲ್ ರೆಜಿಮೆಂಟ್ ಕತ್ತಲಿರುವಾಗಲೇ ಇಳಿಯಬೇಕಿತ್ತು. ತಡವಾಯಿತು, ಬೆಳಕು ಹರಿದಿತ್ತು. ಕಿರಿದಾದ ದಂಡೆ, ಎದುರಿಗೆ ಎತ್ತರದ ಗೋಡೆ, ಮೇಲೆ ಮೆಷಿನ್‌ಗನ್. ಐನೂರೈವತ್ತರಷ್ಟು ಜನರಲ್ಲಿ 200ಕ್ಕೂ ಹೆಚ್ಚು ಸತ್ತರು, ವಾಪಸ್ ಬಂದವರು ಎಪ್ಪತ್ತಕ್ಕಿಂತ ಕಡಿಮೆ. ಪಶ್ಚಿಮದಲ್ಲಿ ಮಾತ್ರ 4ನೇ ಕಮಾಂಡೋದ ಲಾರ್ಡ್ ಲೊವಾಟ್ ಫಿರಂಗಿ ನೆಲೆ ಒಡೆದು ಬಂದರು. ಆ ದಿನ ಅಂದುಕೊಂಡಂತೆ ನಡೆದ ಕೆಲಸ ಅದೊಂದೇ.

ರಾಗಿಮುದ್ದೆ_ಪ್ಯಾರಿಸ್:
ಪ್ಯುಯಿ ನೋಡಿದೆ ಸರ್. ನಮ್ಮ ಊರ ಬಸ್‌ಸ್ಟ್ಯಾಂಡಿನಷ್ಟು ಅಗಲ ಇದೆ ಅಷ್ಟೆ. ಮಕ್ಕಳು ಸೀಗಡಿ ಬಲೆ ಹಿಡಿದು ಆಡ್ತಿದ್ದರು.

ಹೊನ್ನಾವರ_ದೋಣಿ:
ಬಲೆ ಅಂದಕೂಡಲೇ ನೆನಪಾಯಿತು, ಅಲ್ಲಿ ಯಾವ ಮೀನು ಜಾಸ್ತಿ?

ರಾಗಿಮುದ್ದೆ_ಪ್ಯಾರಿಸ್:
ಬೀಸಣಿಗೆ ಆಕಾರದ ಚಿಪ್ಪಿನ ಮೀನು ಆ ಊರಿನ ಹೆಮ್ಮೆ. ಚಳಿಗಾಲದಲ್ಲಿ ಹಿಡೀತಾರೆ. ನವೆಂಬರ್‌ನಲ್ಲಿ ಹೆರಿಂಗ್ ಮೀನಿನ ಜಾತ್ರೆಯೇ ಇದೆ, ಬೀದಿಯಲ್ಲಿ ಕೆಂಡದ ಮೇಲೆ ಸುಟ್ಟು ಕೊಡ್ತಾರಂತೆ.

ಕುಡ್ಲ_ಬಂಗುಡೆ:
ಮಸಾಲೆ ಹಾಕ್ತಾರಾ?

ರಾಗಿಮುದ್ದೆ_ಪ್ಯಾರಿಸ್:
ಬೆಣ್ಣೆ, ಕೆನೆ. ನಿಮಗೆ ಆಗಲ್ಲ ಬಿಡಿ.

ನಿರ್ವಾಹಕ:
ಮೀನಿಗೆ ಬೇರೆ ಎಳೆ ಇದೆ. ಅಲ್ಲಿ ಮುಂದುವರಿಸಿ.

ತರ್ಕ_ತಿಮ್ಮ:
ಮತ್ತೆ ವಿಷಯಕ್ಕೆ ಬರೋಣ. ದಿಯೆಪ್‌ನಲ್ಲಿ ಕಲಿತ ಪಾಠದಿಂದಲೇ 1944ರಲ್ಲಿ ನಾರ್ಮಂಡಿ ದಂಡೆಗೆ ಇಳಿದ ಮಿತ್ರಪಡೆಯ ದೊಡ್ಡ ದಂಡಯಾತ್ರೆ ಗೆದ್ದಿತು, ಇಲ್ಲಿ ಸತ್ತ ಒಬ್ಬನಿಂದ ಅಲ್ಲಿ ಹತ್ತು ಜನ ಉಳಿದರು ಅಂತ ಮೌಂಟ್‌ಬ್ಯಾಟನ್ ಆಮೇಲೆ ಹೇಳಿಕೊಂಡು ತಿರುಗಿದರು. ನನಗೆ ಇದು ಪರೀಕ್ಷೆಯಲ್ಲಿ ಫೇಲಾದ ಹುಡುಗ ಅನುಭವ ಬಂತು ಅಂದ ಹಾಗೆ ಕೇಳುತ್ತೆ. ಗಟ್ಟಿಯಾಗಿ ಕಾವಲಿರೋ ಬಂದರಿನ ಮೇಲೆ, ಎದುರಿನಿಂದ, ಹಗಲಲ್ಲಿ, ಭಾರೀ ಬಾಂಬ್ ದಾಳಿ ಮಾಡದೆ ನುಗ್ಗಬಾರದು ಅಂತ ತಿಳಿಯೋಕೆ 900 ಜನ ಸಾಯಬೇಕಿತ್ತಾ?

ನಿವೃತ್ತ_ಮೇಷ್ಟ್ರು:
ಇದರಲ್ಲಿ ನಾನು ನಿಮ್ಮ ಕಡೆಗೇ ವಾಲ್ತೀನಿ. ಜುಲೈನಲ್ಲಿ ರದ್ದಾದಾಗ ಇನ್ನು ಇದನ್ನು ಮುಟ್ಟಲೇಬೇಡಿ ಅಂತ ಬ್ರಿಟಿಷ್ ಜನರಲ್ ಮಾಂಟ್‌ಗೋಮರಿ ಹೇಳಿದ್ದರು. ಕೇಳಲಿಲ್ಲ. ಆದರೆ ಒಂದು ಪಾಠ ಮಾತ್ರ ನಿಜವಾಗಿ ಕೆಲಸಕ್ಕೆ ಬಂತು. ಬಂದರು ಹಿಡಿಯೋಕೆ ಆಗಲ್ಲ ಅಂದರೆ ಬಂದರನ್ನೇ ಜೊತೆಗೆ ಒಯ್ಯೋದು. 1944ರಲ್ಲಿ ಕಾಂಕ್ರೀಟಿನ ದೊಡ್ಡ ಪೆಟ್ಟಿಗೆಗಳನ್ನು ಇಂಗ್ಲೆಂಡಿನಿಂದ ಎಳಕೊಂಡು ಹೋಗಿ ಆರೊಮಾಂಶ್ ಊರಿನ ಮುಂದೆ ಕಡಲಲ್ಲೇ ಬಂದರು ಕಟ್ಟಿದರು. ಅದರ ಚೂರುಗಳು ಇವತ್ತಿಗೂ ಅಲ್ಲಿ ನೀರಲ್ಲಿ ನಿಂತಿವೆ.

ಪದಬಂಧ_ಪ್ರಿಯೆ:
ಇಡೀ ದಾಳಿಯೇ ಜರ್ಮನರು ಗುಪ್ತ ಸಂದೇಶಕ್ಕೆ ಬಳಸ್ತಿದ್ದ ಎನಿಗ್ಮಾ ಯಂತ್ರ, ಸಂಕೇತದ ಪುಸ್ತಕ ಕದಿಯೋಕೆ ಹಾಕಿದ ನಾಟಕ ಅಂತ ಒಬ್ಬ ಕೆನಡಾ ಇತಿಹಾಸಕಾರರು ಹೇಳ್ತಾರಲ್ಲ?

ಮಾಜಿ_ಸಿಪಾಯಿ:
ಕದಿಯಲು ಒಂದು ತಂಡ ಬಂದಿದ್ದು ಹೌದು. 1942ರ ಫೆಬ್ರವರಿಯಲ್ಲಿ ಜರ್ಮನ್ ಜಲಾಂತರ್ಗಾಮಿಗಳು ನಾಲ್ಕು ಚಕ್ರದ ಎನಿಗ್ಮಾಕ್ಕೆ ಬದಲಾಗಿದ್ದವು, ಬ್ರಿಟಿಷರಿಗೆ ಓದಲು ಆಗುತ್ತಿರಲಿಲ್ಲ. ಆದರೆ ಅದೊಂದಕ್ಕೇ ಆರು ಸಾವಿರ ಜನರನ್ನು ಕಳಿಸಿದರು ಅನ್ನುವುದನ್ನು ಬಹಳ ಇತಿಹಾಸಕಾರರು ಒಪ್ಪುವುದಿಲ್ಲ. ನಾನೂ ಒಪ್ಪುವುದಿಲ್ಲ. ಸೋತ ಮದುವೆಗೆ ನೂರು ಕಾರಣ ಹುಡುಕುತ್ತಾರಲ್ಲ, ಹಾಗೆ.

ಹ್ಯಾಮಿಲ್ಟನ್_ಕಷಾಯ:
ಸೆರೆಸಿಕ್ಕವರ ಬಗ್ಗೆ ಒಂದು ಮಾತು. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರ ಮಾವ ದಿಯೆಪ್‌ನಲ್ಲಿ ಸೆರೆಸಿಕ್ಕವರು. ಮಾವನ ತಮ್ಮನೂ ಅದೇ ಪಡೆಯಲ್ಲಿದ್ದ, ಅವನು ದಂಡೆಯ ಮೇಲೇ ಹೋದ.

ಸೆರೆಯಾಳುಗಳ ಕೈಕಟ್ಟಬೇಕು ಅನ್ನೋ ಆದೇಶದ ಒಂದು ಪ್ರತಿ ದಂಡೆಯಲ್ಲಿ ಜರ್ಮನರಿಗೆ ಸಿಕ್ಕಿತ್ತು. ಅದಕ್ಕೆ ಸೇಡು ಅಂತ ಅಕ್ಟೋಬರ್‌ನಿಂದ ದಿಯೆಪ್‌ನ ಕೈದಿಗಳ ಕೈಯನ್ನೇ ಕಟ್ಟಿದರು. ಮೊದಲು ಹಗ್ಗ, ಆಮೇಲೆ ಕೋಳ. ದಿನಾ ಬೆಳಗ್ಗೆ ಹಾಕೋದು, ರಾತ್ರಿ ಬಿಚ್ಚೋದು. ಒಂದು ವರ್ಷಕ್ಕೂ ಜಾಸ್ತಿ. ಮೀನಿನ ಡಬ್ಬಿ ತೆರೆಯೋ ಕೀಲಿಯಿಂದ ಕೋಳ ಬಿಚ್ಚೋದನ್ನು ಹುಡುಗರು ಕಲಿತರು, ಕಾವಲಿನವ ಬಂದಾಗ ಮತ್ತೆ ಹಾಕಿಕೊಳ್ಳುತ್ತಿದ್ದರು. ಅಜ್ಜಿ ಹೇಳ್ತಾರೆ, ಮಕ್ಕಳು ಸುಮ್ನೆ ಕೈಕಟ್ಟಿ ಕೂತರೂ ಮಾವ ರೇಗುತ್ತಿದ್ದರಂತೆ. ಕೈ ಬಿಚ್ಚಿ ಕೂತುಕೋ ಅಂತ. ಯಾಕೆ ಅಂತ ಮನೆಯವರಿಗೆ ಬಹಳ ವರ್ಷ ಗೊತ್ತಿರಲಿಲ್ಲ. ಅವರು ಬಾಯಿಬಿಟ್ಟಿರಲಿಲ್ಲ.

ನಮ್ಮ ಹ್ಯಾಮಿಲ್ಟನ್ ಪಡೆಯ ಪಾದ್ರಿ ಜಾನ್ ಫುಟ್. ಸುಮಾರು ಎಂಟು ಗಂಟೆ ಗಾಯಾಳುಗಳನ್ನು ಹೊತ್ತು ದೋಣಿಗೆ ಹಾಕಿದರು. ಕೊನೆಗೆ ಅವರಿಗೂ ದೋಣಿಯಲ್ಲಿ ಜಾಗ ಸಿಕ್ಕಿತ್ತು. ಇಳಿದು ದಂಡೆಗೆ ವಾಪಸ್ ನಡೆದುಬಿಟ್ಟರು, ಸೆರೆಗೆ ಹೋಗೋ ಹುಡುಗರ ಜೊತೆ ನಾನೂ ಇರ್ತೀನಿ ಅಂತ. 1946ರಲ್ಲಿ ಶೌರ್ಯಕ್ಕೆ ಕೊಡೋ ವಿಕ್ಟೋರಿಯಾ ಕ್ರಾಸ್ ಪದಕ ಕೊಟ್ಟರು. ಹ್ಯಾಮಿಲ್ಟನ್‌ನ ಸೇನಾ ಕಟ್ಟಡಕ್ಕೆ ಅವರದೇ ಹೆಸರು.

ಅಡುಗೆಮನೆ_ಅಕ್ಕ:
ಕೈ ಬಿಚ್ಚಿ ಕೂತುಕೋ. ಓದಿ ಒಂದು ಗಳಿಗೆ ಸುಮ್ಮನೆ ಕೂತೆ.

ನಿವೃತ್ತ_ಮೇಷ್ಟ್ರು:
ತಾರೀಕು ನೋಡಿ ಇನ್ನೊಂದು ಹೊಳೀತು. 1942ರ ಆಗಸ್ಟ್ 8ಕ್ಕೆ ಮುಂಬಯಿಯಲ್ಲಿ ಕ್ವಿಟ್ ಇಂಡಿಯಾ ಠರಾವು. ದಿಯೆಪ್ ದಾಳಿ ಅದಾಗಿ ಹನ್ನೊಂದೇ ದಿನಕ್ಕೆ. ಆ ಹೊತ್ತಿಗೆ ನಮ್ಮ ಕಡೆ ಶಾಲೆ ಕಾಲೇಜು ಬಂದ್, ತಂತಿ ಕತ್ತರಿಸೋದು, ಹಳಿ ಕೀಳೋದು. ಮುಂದಿನ ತಿಂಗಳು ಶಿಕಾರಿಪುರದ ಈಸೂರಿನ ಘಟನೆ. ಯುರೋಪಿನಲ್ಲಿ ಬಿಡುಗಡೆಗೆ ಅಂತ ಹೋರಾಡುತ್ತಿದ್ದ ಸರ್ಕಾರ ಇಲ್ಲಿ ಬಿಡುಗಡೆ ಕೇಳಿದವರನ್ನು ಜೈಲಿಗೆ ಹಾಕ್ತಿತ್ತು.

ಕುಡ್ಲ_ಬಂಗುಡೆ:
ಮೇಷ್ಟ್ರೇ, ಮಿತ್ರಪಡೆ ನಮ್ಮ ಕರಾವಳಿಯ ಪಕ್ಕದಲ್ಲೂ ಒಂದು ದಾಳಿ ಮಾಡಿದೆ. 1943ರ ಮಾರ್ಚ್, ಗೋವಾದ ಮುರ್ಮಗೋವಾ ಬಂದರು. ಪೋರ್ಚುಗೀಸರು ಯುದ್ಧದಲ್ಲಿ ಇರಲಿಲ್ಲ, ಹಾಗಾಗಿ ಎರೆನ್‌ಫೆಲ್ಸ್ ಅನ್ನೋ ಜರ್ಮನ್ ಹಡಗು ಅಲ್ಲಿ ಆಶ್ರಯ ಪಡೆದಿತ್ತು. ಕಲ್ಕತ್ತಾ ಲೈಟ್ ಹಾರ್ಸ್‌ನ ನಡುವಯಸ್ಸಿನ ವ್ಯಾಪಾರಿಗಳು ಒಂದು ಹಳೇ ದೋಣಿಯಲ್ಲಿ ಬಂದು ರಾತ್ರಿ ನುಗ್ಗಿದರು. ಜರ್ಮನರೇ ಹಡಗು ಮುಳುಗಿಸಿದರು. ಕಾರವಾರದಿಂದ ಎಷ್ಟು ದೂರ ಅದು?

ನಿರ್ವಾಹಕ:
ಇದು ಒಳ್ಳೆ ವಿಷಯ. ಹೊಸ ಎಳೆ ಶುರುಮಾಡಿ, ಇಲ್ಲಿ ಬೇಡ.

ತರ್ಕ_ತಿಮ್ಮ:
ರಾಗಿಮುದ್ದೆ ಕೇಳಿದ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಪ್ರೀತಿ ಯಾಕೆ?

ಹ್ಯಾಮಿಲ್ಟನ್_ಕಷಾಯ:
ನನಗೆ ತೋಚಿದ್ದು ಹೇಳ್ತೀನಿ. 1944ರಲ್ಲಿ ವಾಪಸ್ ಬಂದವರೂ ಅದೇ 2ನೇ ಕೆನಡಾ ಡಿವಿಷನ್ನಿನವರು. ಬೇಕೆಂದೇ ಅವರಿಗೆ ಈ ಊರು ಕೊಟ್ಟರು. ಸೆಪ್ಟೆಂಬರ್ 1ರಂದು ಊರೊಳಗೆ ಬಂದಾಗ ಜರ್ಮನರು ಬಂದರನ್ನು ಸಿಡಿಸಿ ಆಗಲೇ ಖಾಲಿ ಮಾಡಿದ್ದರು. ಊರಿನ ಮೇಲೆ ದೊಡ್ಡ ಬಾಂಬ್ ದಾಳಿ ಗೊತ್ತಾಗಿತ್ತು. ಊರು ಖಾಲಿ ಅಂತ ತಿಳಿದು ಅದನ್ನು ತಡೆದರು. ಅದು ನಡೆದಿದ್ದರೆ ಈ ಹೊತ್ತು ದಿಯೆಪ್‌ನಲ್ಲಿ ಹಳೇ ಬೀದಿಗಳು ಇರುತ್ತಿರಲಿಲ್ಲ. ನಾರ್ಮಂಡಿಯ ಕಾಂ, ಲೆ ಆವ್ರ್ ಊರುಗಳ ಗತಿ ಏನಾಯಿತು ಗೊತ್ತಲ್ಲ, ಬಿಡಿಸಲು ಬಂದವರ ಬಾಂಬಿಗೇ ನೆಲಸಮ ಆದವು.

ಎರಡು ದಿನ ಬಿಟ್ಟು ಸ್ಮಶಾನದಲ್ಲಿ ಪ್ರಾರ್ಥನೆ, ಊರಲ್ಲಿ ಮೆರವಣಿಗೆ. ಕೆನಡಾ ಸೇನಾಪತಿ ಕ್ರೆರಾರ್ ಮಾಂಟ್‌ಗೋಮರಿ ಕರೆದ ಸಭೆ ಬಿಟ್ಟು ಇಲ್ಲಿಗೆ ಬಂದರು. ಮಾಂಟ್‌ಗೋಮರಿಗೆ ಕೋಪ ಬಂತು. ಬರಲಿ.

ಅಂದರೆ ಊರಿಗೆ ಎರಡೂ ಸಲ ಕಂಡಿದ್ದು ಅದೇ ಭುಜಪಟ್ಟಿ. ಮೊದಲ ಸಲ ಹೆಣವಾಗಿ, ಎರಡನೇ ಸಲ ಒಂದು ಗುಂಡೂ ಹಾರಿಸದೆ.

ತರ್ಕ_ತಿಮ್ಮ:
ಇದು ಒಪ್ಪೋ ಮಾತು. ಆದರೆ ನನಗನ್ನಿಸೋದು, ಆ ಬಹುಮಾನದ ಮುಜುಗರವೂ ಬಾವುಟದ ಹಿಂದೆ ಸ್ವಲ್ಪ ಇದೆ. ತಪ್ಪು ಮಾಡದಿದ್ದರೂ ಋಣ ಅನ್ನಿಸೋದು ಇರುತ್ತಲ್ಲ.

ನಿವೃತ್ತ_ಮೇಷ್ಟ್ರು:
ಇರಬಹುದು. ಇಲ್ಲ ಅಂತ ಹೇಳೋಕೆ ನಾನು ಯಾರು.

ರಾಗಿಮುದ್ದೆ_ಪ್ಯಾರಿಸ್:
ಸ್ಮಶಾನ ಅಂದಿರಲ್ಲ, ಓಟೋ ಅನ್ನೋ ಹಳ್ಳಿಯಲ್ಲಿದೆ, ಊರಿಂದ ಸ್ವಲ್ಪ ದೂರ. ನಾನು ಹೋಗೋಕೆ ಆಗಲಿಲ್ಲ, ಹೊತ್ತಾಗಿತ್ತು. ಅಲ್ಲಿ ಕಲ್ಲುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ ಅಂತ ಹೋಟೆಲಿನವರು ಹೇಳಿದರು.

ಮಾಜಿ_ಸಿಪಾಯಿ:
ಹೌದು. ಆ ಸ್ಮಶಾನ ಹಾಕಿದ್ದು ಜರ್ಮನರು, ಅವರ ಪದ್ಧತಿಯಲ್ಲಿ. ಯುದ್ಧ ಮುಗಿದ ಮೇಲೂ ಹಾಗೇ ಬಿಟ್ಟರು. ಸುಮಾರು 950 ಸಮಾಧಿ, ಅದರಲ್ಲಿ 700ಕ್ಕೂ ಹೆಚ್ಚು ಕೆನಡಾದವರದು.

ಹ್ಯಾಮಿಲ್ಟನ್_ಕಷಾಯ:
ರಾಗಿಮುದ್ದೆ ಅವರೇ, ಮತ್ತೆ ಆ ಕಡೆ ಹೋಗ್ತೀರಾ? ಪಕ್ಕದ ಮನೆ ಅಜ್ಜಿಯ ಮಾವನ ತಮ್ಮ ಅಲ್ಲೇ ಇದ್ದಾನೆ. ಮನೆಯವರು ಯಾರೂ ಹೋಗಿ ನೋಡಿಲ್ಲ. ಅಜ್ಜಿಗೆ ಈಗ ವಿಮಾನ ಹತ್ತೋಕೆ ಆಗಲ್ಲ. ಒಂದು ಫೋಟೋ ಸಿಕ್ಕರೆ ಸಾಕಿತ್ತು.

ರಾಗಿಮುದ್ದೆ_ಪ್ಯಾರಿಸ್:
ಖಂಡಿತ ಹೋಗ್ತೀನಿ. ಸೆಪ್ಟೆಂಬರ್‌ನಲ್ಲಿ ಅದೇ ದಂಡೆಯ ಪಕ್ಕದ ಹುಲ್ಲುಹಾಸಿನ ಮೇಲೆ ಗಾಳಿಪಟದ ಹಬ್ಬ ಇರುತ್ತೆ, ಎರಡು ವರ್ಷಕ್ಕೊಮ್ಮೆ. ಹೇಗೂ ಹೋಗೋ ಮನಸ್ಸಿತ್ತು. ಸಮಾಧಿಯ ಸಾಲು, ಸಂಖ್ಯೆ ಖಾಸಗಿ ಸಂದೇಶದಲ್ಲಿ ಕಳಿಸಿ. ಇಲ್ಲಿ ಹೆಸರು ಹಾಕಬೇಡಿ. ಹೂವು ಯಾವುದು ಇಡಲಿ ಅಂತಲೂ ಅಜ್ಜಿಯನ್ನು ಕೇಳಿ.

ಹ್ಯಾಮಿಲ್ಟನ್_ಕಷಾಯ:
ಈಗಲೇ ಕೇಳಿಕೊಂಡು ಬಂದೆ. ಹೂವು ಬೇಡವಂತೆ. ದಂಡೆಯ ಒಂದು ಕಲ್ಲು ತಂದು ಸಮಾಧಿ ಮೇಲೆ ಇಡಬೇಕಂತೆ, ಇನ್ನೊಂದು ಇಲ್ಲಿಗೆ ಕಳಿಸಬೇಕಂತೆ.

ಹೊನ್ನಾವರ_ದೋಣಿ:
ಚೆನ್ನಾಗಿದೆ.

ರಾಗಿಮುದ್ದೆ_ಪ್ಯಾರಿಸ್:
ಒಂದು ತೊಡಕು. ಇಲ್ಲಿ ದಂಡೆಯ ಕಲ್ಲು ಎತ್ತಿಕೊಂಡು ಹೋಗೋ ಹಾಗಿಲ್ಲ, ದಂಡ ಹಾಕ್ತಾರೆ. ಒಂದು ಕಾಲದಲ್ಲಿ ಇದೇ ಕಲ್ಲು ಹೆಕ್ಕಿ ಮಾರೋದೇ ಕೆಲವರ ಜೀವನ ಆಗಿತ್ತು, ಈಗ ಬಂದ್ ಮಾಡಿದ್ದಾರೆ.

ತರ್ಕ_ತಿಮ್ಮ:
ಎರಡು ಕಲ್ಲಿಗೆ ದಂಡ ಎಷ್ಟು ಅಂತ ವಿಚಾರಿಸಿ ಹೇಳಿ. ನಾನು ಕೊಡ್ತೀನಿ.